ಪ್ಯೊ ಡಾಕ್ಟರು ಹಾಕಿದ ಬಿಳಿ ಹಲ್ಲು
ಮೊಕ್ಪೊ ಬಂದರಿನ ದಂತವೈದ್ಯ ಪ್ಯೊ ಅವರು ಅರ್ಧ ಹಾಳಾದ ದವಡೆ ಹಲ್ಲು ತೋರಿಸಲು ಬಂದವರಿಗೆ ಐವತ್ತು ವರ್ಷ ಒಂದೇ ಪಾಠ ಹೇಳಿದರು: "ಬರೀ ಸಿಮೆಂಟು ತುಂಬಿದ್ರೆ ಉದುರತ್ತೆ, ಪೂರ್ತಿ ಟೋಪಿ ಹಾಕಿದ್ರೆ ಒಳ್ಳೇ ಹಲ್ಲನ್ನೂ ಅರೀಬೇಕು. ಕೆಟ್ಟಷ್ಟು ತೆಗೆದು, ಅಷ್ಟಕ್ಕೇ ತುಂಡು ಕೂರಿಸ್ತೀನಿ." ಬಿಳಿಯದೋ ಚಿನ್ನದ್ದೋ ಎಂದು ಮೀನುಗಾರರನ್ನು ಅವರು ಕೇಳುತ್ತಿರಲಿಲ್ಲ, ಜೊತೆಗೆ ಬಂದ ಹೆಂಡತಿಯೇ ಚಿನ್ನ ಎನ್ನುತ್ತಿದ್ದಳು. "ನಕ್ಕರೆ ಅಸಹ್ಯ ಕಣೇ" ಎಂದು ಗಂಡ ಗೊಣಗಿದರೆ, "ನಿನ್ನ ನಗು ಯಾರಿಗೆ ಬೇಕು, ಬಾಯಿ ತೆಗಿ" ಎನ್ನುತ್ತಿದ್ದಳು. ಸಮುದ್ರ ಹಿಂದಿರುಗಿಸಿದ ಹೆಣಕ್ಕೆ ಮುಖ ಉಳಿದಿರುವುದಿಲ್ಲ. ಪೊಲೀಸರು ಕರೆದಾಗ ಪ್ಯೊ ಅವರು ಬಾಯೊಳಗಿನ ಚಿನ್ನ ನೋಡಿ ಹೆಸರು ಹೇಳುತ್ತಿದ್ದರು. ಈಗ ಅವರ ಕೈ ನಡುಗುತ್ತದೆ. ಬಂದ ರೋಗಿಗಳನ್ನು ಪಕ್ಕದ ಬೀದಿಗೆ ಕಳಿಸುತ್ತಾರೆ, ಆದರೂ ಒಂಬತ್ತಕ್ಕೆ ಸರಿಯಾಗಿ ಬಿಳಿ ಕೋಟು ತೊಟ್ಟು ಬಾಗಿಲು ತೆರೆಯುತ್ತಾರೆ. ಕಪಾಟಿನಲ್ಲಿ ಓಕ್‌ಬುನ್ ಎಂಬಾಕೆಯ ಗಂಡನ ಹಲ್ಲಿನ ಅಚ್ಚಿದೆ. ಬಾಯ್ತುಂಬ ನಗುವ ಆ ಮನುಷ್ಯನ ಹಟಕ್ಕೆ ಸೋತು, ಇಡೀ ಬಂದರಿನಲ್ಲಿ ಅವಳೊಬ್ಬಳೇ ಬಿಳಿಯದಕ್ಕೆ ಒಪ್ಪಿದ್ದಳು. ಅವನ ದೋಣಿ ಸಮುದ್ರದಲ್ಲಿ ಕಾಣೆಯಾಗಿ ಹನ್ನೊಂದು ವರ್ಷ, ಹೆಣ ಇನ್ನೂ ಸಿಕ್ಕಿಲ್ಲ. ಪ್ರತಿ ವಸಂತದಲ್ಲಿ ಅವಳು ಬಂದು ಅಚ್ಚಿನ ಧೂಳು ಒರೆಸುತ್ತಾಳೆ. "ಸಾಕು ಡಾಕ್ಟ್ರೇ, ಇನ್ನು ಬಾಗಿಲು ಹಾಕಿ" ಎಂದಳು ಈ ಸಲ. "ಚಿನ್ನವಾಗಿದ್ರೆ ಯಾರ ಕಣ್ಣಿಗಾದ್ರೂ ಬೀಳತ್ತೆ, ಎಂದೋ ಬಾಗಿಲು ಹಾಕ್ತಿದ್ದೆನಮ್ಮ" ಎಂದರು ಅವರು. "ಆ ಬಿಳೀದನ್ನ ಗುರುತಿಸೋಕೆ ನಾನೇ ಇರಬೇಕು."