ದಾರ ಕಾಣುವ ತನಕ

ಇಂದಿರಾನಗರದಲ್ಲಿ ಹಳೆಯ ಬಂಗಲೆ ಕೆಡವಿ ಕಟ್ಟುತ್ತಿದ್ದ ಹೋಟೆಲಿಗೆ ಜಟ್ಟೆಮ್ಮ ಇಟ್ಟಿಗೆ ಹೊರುತ್ತಿದ್ದಳು. ರಾಯಚೂರು ಕಡೆಯವಳು. ಗಾರೆ ಮೇಸ್ತ್ರಿಯಾದ ಗಂಡ ಹುಲಿಗೆಪ್ಪನೊಡನೆ ಅಲ್ಲೇ ತಗಡಿನ ಶೆಡ್ಡಿನಲ್ಲಿ ಬಿಡಾರ. ಗೋಡೆ ನೇರ ಬರಲೆಂದು ಮೇಸ್ತ್ರಿ ಕಟ್ಟುವ ದಾರ ಕಣ್ಣಿಗೆ ಕಾಣುವ ತನಕ ಕೆಲಸ ನಡೆಯಬೇಕು. ಬೇಸಿಗೆಯಲ್ಲಿ ಈ ನಿಯಮ ಮಾಡಿದವನು ಸೂಪರ್‌ವೈಸರ್ ಪ್ರೇಮ್‌ಕುಮಾರ್. ಆಗ ಏಳು ಗಂಟೆಗೂ ದಾರ ಕಾಣುತ್ತಿತ್ತು, ಜಟ್ಟೆಮ್ಮನ ಸೊಂಟ ಮುರಿದುಹೋಗುತ್ತಿತ್ತು.

ಹಾಗಾಗಿ ಅವಳಿಗೆ ಡಿಸೆಂಬರ್ ಎಂದರೆ ಪ್ರಾಣ. ಸೂರ್ಯ ಆಗ ತನ್ನ ಪಕ್ಷದವನು, ಬಿಸಿ ರೊಟ್ಟಿ ತಿನ್ನಲು ಪುರುಸೊತ್ತು ಕೊಡುತ್ತಾನೆ ಎನ್ನುವಳು. ವರ್ಷದಲ್ಲೇ ಅತಿ ಚಿಕ್ಕ ಹಗಲಿನ ದಿನ, ಆರು ಹೊಡೆದು ಸ್ವಲ್ಪ ಹೊತ್ತಿಗೇ ಹುಲಿಗೆಪ್ಪ, "ದಾರ ಕಾಣವಲ್ದು" ಎಂದ. ಜಟ್ಟೆಮ್ಮ ತಲೆಯ ಸಿಂಬೆ ತೆಗೆದು ಕೈಕಾಲು ತೊಳೆದಳು.

"ಏನಮ್ಮ, ಇಷ್ಟು ಬೇಗ ಬಿಟ್ಬಿಟ್ರಾ? ಏಳು ಗಂಟೆ ತನಕ ಮಾಡ್ಬೇಕು," ಎಂದ ಪ್ರೇಮ್‌ಕುಮಾರ್.

"ಬ್ಯಾಸಗ್ಯಾಗ ನೀವು ಗಡಿಯಾರ ನೋಡಿದ್ರೇನ್ರೀ ಸರ? ದಾರ ನೋಡಿದ್ರಿ. ಈಗೂ ದಾರಾನ ನೋಡ್ರಿ."

ಅವನು ಸಿಟ್ಟಿನಿಂದ ಹೋಗಿ ದೊಡ್ಡ ಫೋಕಸ್ ಲೈಟ್ ಹಾಕಿಸಿದ. ಅಂಗಳವೆಲ್ಲ ಹಗಲಾಯಿತು. ಅಷ್ಟರಲ್ಲಿ ಹುಲಿಗೆಪ್ಪ ದಾರ ಬಿಚ್ಚಿ, ಉಂಡೆ ಸುತ್ತಿ, ಜೇಬಿಗೆ ಹಾಕಿಕೊಂಡಿದ್ದ.

ಜಟ್ಟೆಮ್ಮ ಒಲೆಯ ಕಲ್ಲುಗಳನ್ನು ಒಂದೊಂದಾಗಿ ತಂದು ಆ ಬೆಳಕಿನ ನಟ್ಟನಡುವೆ ಹೂಡಿದಳು. ಸಜ್ಜೆ ಹಿಟ್ಟು ನಾದಿ, ಎಳ್ಳು ಉದುರಿಸಿ, ಪಟಪಟ ರೊಟ್ಟಿ ಬಡಿಯತೊಡಗಿದಳು. ಪ್ರೇಮ್‌ಕುಮಾರ್ ಸ್ವಿಚ್ಚಿನತ್ತ ಹೊರಟ.

"ಲೈಟ್ ಆರಿಸಬ್ಯಾಡ್ರಿ ಸರ," ತಲೆಯೆತ್ತದೆ ಅವಳೆಂದಳು, "ಇನ್ನಾ ಹತ್ತು ರೊಟ್ಟಿ ಬಡಿಯೋದೈತಿ."