ಮಗ್ಗ ನಿಂತರೆ ಅಡಗುವ ನಾಯಿ

ಆ ನಾಯಿಯ ಬಲಗಿವಿ ಕಪ್ಪಗಿತ್ತು ಎಂದರೆ ಅಕ್ಕ ಈಗಲೂ ನಗುತ್ತಾಳೆ. "ಎರಡೂ ಕಿವಿ ಕಂದು. ನೀ ಆವಾಗ ಕನ್ನಡಕ ಹಾಕ್ಕೊಂತಿದ್ದಿಲ್ಲ" ಎನ್ನುತ್ತಾಳೆ. ಹಾಕಿಕೊಳ್ಳುತ್ತಿದ್ದೆ ಎಂದು ನನ್ನ ನೆನಪು. ಪುರಾವೆಯಿಲ್ಲದ ಮಾತು ನಂಬಬಾರದೆಂದು ಧಾರವಾಡದಲ್ಲಿ ಎಂ.ಎ. ಓದುವಾಗ ಕಲಿತವನು ನಾನು. ಆ ನಿಯಮವನ್ನು ನನ್ನ ನೆನಪಿಗೇ ಹಚ್ಚಿದರೆ ಈ ಸಂಗತಿಯಲ್ಲಿ ಹೆಚ್ಚೇನೂ ಉಳಿಯುವುದಿಲ್ಲ. ಆದರೆ ಆ ದಿನಗಳಲ್ಲಿ ನನ್ನ ಎದೆ ಹೊಡೆದುಕೊಂಡದ್ದು ಮಾತ್ರ ಖರೆ.

ಕೊಪ್ಪಳ ಬೇರೆ ಜಿಲ್ಲೆಯಾದ ಮರುವರ್ಷ ಇರಬೇಕು. ಗಂಗಾವತಿಯ ಕಾಲೇಜೊಂದರಲ್ಲಿ ಕೆಲಸ ಕೇಳಿ ಬರುವಾಗ ಹಿಟ್ನಾಳದ ಹತ್ತಿರ ಬಸ್ಸು ಪಂಕ್ಚರ್ ಆಯಿತು. ರಸ್ತೆ ಬದಿಯ ಟೈರ್ ಅಂಗಡಿಯಲ್ಲಿ ಗಾಳಿ ತುಂಬುವ ಯಂತ್ರ ಗಡಗಡ ಎನ್ನುತ್ತಿತ್ತು. ಅದರ ಪಕ್ಕದಲ್ಲೇ ಒಂದು ಪುಟ್ಟ ನಾಯಿ ನಿಶ್ಚಿಂತೆಯಿಂದ ಮಲಗಿತ್ತು. ಮರಿ ಎಂದುಕೊಂಡೆ, ಅಲ್ಲ, ಬೆಳೆದದ್ದೇ, ಗಿಡ್ಡ ಜಾತಿಯದು. ಯಂತ್ರ ನಿಂತಿತು. ನಾಯಿ ಬೆಚ್ಚಿಬಿದ್ದು ನೇರ ರಸ್ತೆಗೆ ಓಡಿತು. ಎದುರಿಗೆ ಲಾರಿ. ನಾನು ಹೇಗೆ ಓಡಿದೆನೋ, ಅದನ್ನು ಹೇಗೆ ಎತ್ತಿಕೊಂಡೆನೋ ಗೊತ್ತಿಲ್ಲ. ಲಾರಿಯ ಬಿಸಿಗಾಳಿ ಬೆನ್ನಿಗೆ ಬಡಿದದ್ದು ಗೊತ್ತು.

"ಒಯ್ರಿ ಸರ, ಯಾರದೂ ಅಲ್ಲ. ಇಲ್ಲೇ ಇದ್ರ ಒಂದಿನ ಚಪಾತಿ ಆಕೈತಿ" ಎಂದ ಅಂಗಡಿಯವನು.

ಚೀಲದಲ್ಲಿ ಹಾಕಿಕೊಂಡು ಭಾಗ್ಯನಗರಕ್ಕೆ ತಂದೆ. ಆಗ ನಾನಿದ್ದದ್ದು ಅಲ್ಲಿ, ಅಕ್ಕನ ಮನೆಯಲ್ಲಿ. ಭಾವ ಸೀರೆ ನೇಯುತ್ತಿದ್ದರು. ಮುಂದಿನ ಕೋಣೆಯ ತುಂಬ ಮಗ್ಗ. ಅದರಡಿ ನೇಕಾರ ಕಾಲು ಇಳಿಬಿಟ್ಟು ಕೂರುವ ಕುಣಿ. ನಾಯಿ ಚೀಲದಿಂದ ಜಿಗಿದದ್ದೇ ಆ ಕುಣಿ ಸೇರಿತು.

ಅಕ್ಕ ಅದಕ್ಕೆ 'ಸಣ್ಣಾಕಿ' ಎನ್ನತೊಡಗಿದಳು. ಭಾವ ಮೆದು ಮನುಷ್ಯ, ಆದರೂ ಮೊದಲ ದಿನವೇ ಹೇಳಿದರು: "ಇಲ್ಲಿ ಇಟ್ಕೊಳಾಕ ಆಗಂಗಿಲ್ಲಪಾ. ನನ್ನ ಕಾಲಾಗ ಸಿಕ್ಕು ಸತ್ತರ ಆ ಪಾಪ ನನಗ ಬ್ಯಾಡ. ಒಂದು ಛಲೋ ಮನಿ ನೋಡು."

ನೋಡಿದೆ. ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ. ಮೊದಲು ಬಂದವರು ಯಲಬುರ್ಗಾದ ಒಬ್ಬ ಮಾಸ್ತರರು, ಹೆಂಡತಿಯೊಂದಿಗೆ. ಅಕ್ಕ ಮಂಡಕ್ಕಿ ಒಗ್ಗರಣಿ, ಮಿರ್ಚಿ, ಚಹಾ ಎಲ್ಲ ಸಿದ್ಧ ಮಾಡಿದ್ದಳು, ಕನ್ಯೆ ನೋಡಲು ಬಂದವರಿಗೆ ಮಾಡುವ ಹಾಗೆ. ಅವರು ಹೊಸ್ತಿಲು ದಾಟುತ್ತಲೇ ಭಾವ ಮಗ್ಗ ನಿಲ್ಲಿಸಿ ಎದ್ದರು. ಅದು ನೇಕಾರರ ಮನೆಯ ಮರ್ಯಾದೆ. ಬಂದವರ ಮುಂದೆ ಮಗ್ಗ ಆಡಿಸುವುದೆಂದರೆ, ಎದ್ದು ಹೋಗಿ ಎಂದಂತೆ. ಕೋಣೆ ಗಪ್ಪಾಯಿತು. ಸಣ್ಣಾಕಿ ಕುಣಿಗೆ ಓಡಿದವಳು ಹೊರಬರಲಿಲ್ಲ. ನಾನು ಬಗ್ಗಿ ಕರೆದೆ, ರೊಟ್ಟಿ ತೋರಿಸಿದೆ.

"ತಮ್ಮಾ, ನಾಯಿ ಐತೋ, ಬರೇ ಅದರ ಸುದ್ದಿ ಐತೋ?" ಎಂದರು ಮಾಸ್ತರರು.

"ನಮ್ಮ ಕನ್ಯಾ ಭಾಳ ನಾಚತಾಳ್ರಿ" ಎಂದಳು ಅಕ್ಕ.

ಗಂಗಾವತಿ ಕಡೆಯ ಗದ್ದೆಯವರೊಬ್ಬರು ಬಂದಾಗಲೂ ಹಾಗೇ ಆಯಿತು. ಅವರು ಕುಣಿಯೊಳಗೆ ಇಣುಕಿ, "ಕಳ್ಳ ಬಂದ್ರ ಇದು ಕಳ್ಳನ ಹಿಂದನ ಅಡಗತೈತಿ" ಎಂದು ನಗುತ್ತ ಹೋದರು. ಮಿರ್ಚಿ ಮಾತ್ರ ಪ್ರತಿ ಸಲ ಖಾಲಿಯಾಗುತ್ತಿತ್ತು.

ಆಮೇಲೆ ಒಂದು ಬೆಳಿಗ್ಗೆ ಭಾವ ಕುಣಿ ನೋಡದೆ ಕಾಲು ಇಳಿಸಿದರು. ಕುಂಯ್ ಎಂಬ ಸದ್ದು. ನಾಯಿಯ ಮುಂಗಾಲು ಮಗ್ಗ ತುಳಿಯುವ ಹಲಗೆಯಡಿ ಸಿಕ್ಕಿತ್ತು. ದೊಡ್ಡ ಪೆಟ್ಟೇನಲ್ಲ. ಆದರೆ ಭಾವನ ಮುಖ ಬಿಳಚಿಕೊಂಡಿತ್ತು. "ಈ ವಾರದಾಗ ಮನಿ ಸಿಗಲಿಲ್ಲಂದ್ರ ಎಲ್ಲಿಂದ ತಂದೀಯೋ ಅಲ್ಲೇ ಬಿಟ್ಟು ಬಾ" ಎಂದರು. ಅಂದರೆ ಲಾರಿಗಳ ನಡುವೆ.

ಅದೇ ವಾರ ನಮ್ಮ ದೊಡ್ಡವ್ವ ಸೀರೆ ಒಯ್ಯಲು ಬಂದಳು. ಕುಷ್ಟಗಿಯಲ್ಲಿ ಹಿಟ್ಟಿನ ಗಿರಣಿ ನಡೆಸುವವಳು. ಗಿರಣಿಯ ಸದ್ದಿನ ಮೇಲೆ ಕೂಗಿ ಕೂಗಿ ಅವಳಿಗೆ ಮೆಲ್ಲಗೆ ಮಾತಾಡುವುದು ಮರೆತೇ ಹೋಗಿತ್ತು. ಭಾವ ಎಂದಿನಂತೆ ಮಗ್ಗ ನಿಲ್ಲಿಸಿದರು.

"ಯಾಕ ನಿಲ್ಲಿಸಿದ್ಯೋ ಅಳಿಯಾ? ಸಪ್ಪಳ ಇಲ್ಲಂದ್ರ ನನಗ ತಲಿ ನೋಯ್ತೈತಿ. ನಡಸು, ನಡಸು!"

ಅಳಿಯನಿಗೆ ನಾಚಿಕೆಯಾಯಿತು, ಆದರೂ ಕುಣಿ ನೋಡಿಕೊಂಡು ಕೂತರು. ಲಾಳಿ ಓಡಿತು. ಮಗ್ಗ ಲಟಪಟ ಎಂದಿತು. ಸಣ್ಣಾಕಿ ಕುಣಿಯಿಂದ ಹೊರಬಂದಳು, ಗೋಡೆಗುಂಟ ನಡೆದಳು, ಒಂದು ಕ್ಷಣ ನಿಂತು ಮೂಸಿದಳು.

"ದೊಡ್ಡವ್ವಾ, ಅಲುಗಾಡಬ್ಯಾಡ!" ನಾನು ಕೂಗಿದೆ.

"ಹ್ಯಾಂಗ ಅಲುಗಾಡ್ಲೋ? ನನ್ನ ಕಾಲ ಮ್ಯಾಲ ಕುಂತೈತಿ!"

ಆಗ ನನಗೆ ಹೊಳೆದದ್ದು: ಟೈರ್ ಅಂಗಡಿಯ ಯಂತ್ರ, ಈ ಮಗ್ಗ! ನಾವು ಮರ್ಯಾದೆಗೆಂದು ಸದ್ದು ನಿಲ್ಲಿಸಿದಾಗಲೆಲ್ಲ ಈಕೆ ಹೆದರಿದ್ದಳು. ಅಕ್ಕ ಹೇಳುವ ಪ್ರಕಾರ ಇದು ಮೊದಲು ಹೊಳೆದದ್ದು ಅವಳಿಗೆ. ಇರಬಹುದು. ಅನುಮಾನವಂತೂ ನನ್ನದೇ. "ಸದ್ದಿಗೆ ಬಂತೋ, ಭಾವನ ಕಾಲಿಗೆ ಅಂಜಿ ಬಂತೋ? ಪರೀಕ್ಷೆ ಮಾಡಬೇಕು" ಎಂದೆ.

"ನಿನ್ನ ಪರೀಕ್ಷಾ ಆಮ್ಯಾಲ ಮಾಡುವಂತಿ. ಮೊದಲು ಬಸ್ ಹತ್ತು" ಎಂದಳು ಅಕ್ಕ.

ನಾಯಿಯನ್ನು ಗಿರಣಿಯಲ್ಲಿ ಇಟ್ಟುಕೊಳ್ಳಲು ಒಪ್ಪಿದ ದೊಡ್ಡವ್ವನ ಜೊತೆ, ಸಣ್ಣಾಕಿಯನ್ನು ಚೀಲದಲ್ಲಿ ಹಾಕಿಕೊಂಡು ನಾನೂ ಹೊರಟೆ. ದಾರಿಯುದ್ದಕ್ಕೂ ಚೀಲ ನನ್ನ ತೊಡೆಯ ಮೇಲೆ ನಡುಗುತ್ತಿತ್ತು, ಅಥವಾ ನಾನೇ ನಡುಗುತ್ತಿದ್ದೆ. ಕುಷ್ಟಗಿಯ ಗಿರಣಿಯಲ್ಲಿ ಜೋಳದ ಪುಟ್ಟಿ ಹಿಡಿದ ಹೆಂಗಸರು, ಹಾರುವ ಹಿಟ್ಟು, ಕಿವಿ ಕಿತ್ತುಹೋಗುವ ಸದ್ದು. ಚೀಲದ ಬಾಯಿ ಬಿಚ್ಚಿದೆ. ಸಣ್ಣಾಕಿ ಇಳಿದು, ಮೈ ಝಾಡಿಸಿಕೊಂಡು, ತನ್ನದೇ ಮನೆ ಎಂಬಂತೆ ಜೋಳದ ಚೀಲದ ಪಕ್ಕ ಅಡ್ಡಾದಳು. ಅಲ್ಲಿ ಕುಣಿಯೂ ಇರಲಿಲ್ಲ, ಭಾವನ ಕಾಲೂ ಇರಲಿಲ್ಲ. ನಾನು ಗುರುತು ಪರಿಚಯವಿಲ್ಲದ ಆ ಹೆಂಗಸರಿಗೆಲ್ಲ ಏನೇನೋ ವಿವರಿಸತೊಡಗಿದೆ. ಯಾರಿಗೂ ಕೇಳಿಸಲಿಲ್ಲ.

ಕರೆಂಟ್ ಹೋಯಿತು.

ಬೆಲ್ಟು ನಿಧಾನವಾಗಿ ನಿಂತಿತು. ಸಣ್ಣಾಕಿ ತಟ್ಟನೆ ಎದ್ದಳು. ಬಾಗಿಲು ತೆರೆದಿತ್ತು, ಆಚೆ ರಸ್ತೆ, ಟ್ರ್ಯಾಕ್ಟರ್. ನಾನು ಬಾಗಿಲಿಗೆ ಅಡ್ಡ ನಿಲ್ಲಲು ಓಡಿದೆ.

ದೊಡ್ಡವ್ವ ಕೂತಲ್ಲಿಂದಲೇ, ಗಿರಣಿ ನಡೆಯುವಾಗಿನ ಅದೇ ಗಂಟಲಲ್ಲಿ ಕೂಗಿದಳು: "ಕರೆಂಟ್ ಹೋತಂತ ನೀ ಯಾಕ ಎದ್ದೆವಾ? ಅದು ದಿನಾ ಹೊಕ್ಕೈತಿ. ಕುಂದರು ಬಾ!"

ನಾಯಿ ಅವಳನ್ನು ನೋಡಿತು. ಹೋಗಿ ಅವಳ ಕಾಲ ಬಳಿ ಕೂತಿತು. ಅವಳು ಮಾತು ನಿಲ್ಲಿಸಲಿಲ್ಲ. ನನಗೆ ಬೈದಳು, ಕರೆಂಟಿನವರಿಗೆ ಬೈದಳು, ಜೋಳದಲ್ಲಿನ ಹರಳಿಗೆ ಬೈದಳು. ಗಿರಣಿ ಮತ್ತೆ ಶುರುವಾಗುವವರೆಗೂ ಸಣ್ಣಾಕಿ ಅಲ್ಲಾಡಲಿಲ್ಲ.

ಮುಂದೊಂದು ಬೇಸಿಗೆಯಲ್ಲಿ ಕುಷ್ಟಗಿಗೆ ಹೋದಾಗ ಕಿವಿಯ ಜಗಳ ಮುಗಿಸಿಯೇ ಬಿಡೋಣವೆಂದು ಕನ್ನಡಕ ಒರೆಸಿಕೊಂಡು ಗಿರಣಿಯೊಳಗೆ ಕಾಲಿಟ್ಟೆ. ಸಣ್ಣಾಕಿ ಬಾಲ ಬಡಿಯುತ್ತ ಎದುರು ಬಂದಳು. ಹಿಟ್ಟು ಮೆತ್ತಿ ಎರಡೂ ಕಿವಿ ಬೆಳ್ಳಗಿದ್ದವು.