ಪುಳಿಮುಂಚಿಗೆ ಬೆಲ್ಲ ಹಾಕಿದ್ದು ಯಾರು?

ನಿನ್ನೆ ಮಧ್ಯಾಹ್ನ ನಮ್ಮ ಆಫೀಸಿಗೆ ಹೊಸದಾಗಿ ವರ್ಗವಾಗಿ ಬಂದ ಸಹೋದ್ಯೋಗಿಯೊಬ್ಬರು ಬುತ್ತಿಯ ಮುಚ್ಚಳ ತೆರೆದದ್ದೇ ತಡ, ಬಂಗುಡೆ ಪುಳಿಮುಂಚಿಯ ಪರಿಮಳ ಮರುಮೌಲ್ಯಮಾಪನದ ಅರ್ಜಿಗಳ ಮೇಲೆಲ್ಲ ಹರಡಿಕೊಂಡಿತು. ಹುಣಸೆಹುಳಿ, ಒಣಮೆಣಸು ಸೇರಿ ಮೀನನ್ನು ಕೆಂಪಗೆ ಮುಳುಗಿಸುವ ಆ ಗಸಿಯನ್ನು ತಿಂದವರಿಗೆ ವರ್ಣನೆ ಬೇಕಿಲ್ಲ, ತಿನ್ನದವರಿಗೆ ವರ್ಣಿಸಿ ಪ್ರಯೋಜನವಿಲ್ಲ. ಅವರು ಒಂದು ತುಂಡು ನನ್ನ ತಟ್ಟೆಗೆ ಹಾಕಿ, ಗುಟ್ಟು ಕೇಳುವವರಂತೆ ಬಗ್ಗಿ, "ಮೇಡಂ, ನಿಮ್ಮಲ್ಲಿ ಇದಕ್ಕೆ ಬೆಲ್ಲ ಹಾಕ್ಲಿಕ್ಕುಂಟಂತೆ, ಹೌದಾ?" ಎಂದರು.

ಈ ಪ್ರಶ್ನೆಯನ್ನು ಎರಡು ವರ್ಷದಿಂದ ಉಡುಪಿಯ ಬಸ್‌ಸ್ಟ್ಯಾಂಡಿನಲ್ಲಿ, ಮದುವೆ ಮನೆಯಲ್ಲಿ, ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡಿದ್ದಾಗಲೂ ನನಗೆ ಕೇಳಿದ್ದಾರೆ. ಅಂದು ಉತ್ತರಿಸದೆ ಬಚಾವಾದೆ. ನಿಮಗಾದರೂ ನಿಜ ಹೇಳಿಬಿಡುತ್ತೇನೆ, ಕೇಳಿ.

ನಾನು ಮಣಿಪಾಲದ ಒಂದು ಕಾಲೇಜಿನ ಪರೀಕ್ಷಾ ವಿಭಾಗದಲ್ಲಿ ಗುಮಾಸ್ತೆ. ಐವತ್ತು ದಾಟಿದ ಮೇಲೆ ಕೆಲವರಿಗೆ ಸಕ್ಕರೆ ಕಾಯಿಲೆ ಬರುತ್ತದೆ, ನನಗೆ ಕಾದಂಬರಿ ಬಂತು. 'ಒಲೆಯ ಬದಿ' ಎಂದು ಹೆಸರು. ಕಾಪುವಿನಲ್ಲಿ ಮೀನು ಮಾರುವ ಸಂಕಮ್ಮ ಎಂಬ ಹೆಂಗಸಿನ ಅಡುಗೆಮನೆಯ ಕತೆ. ಪುಟಕ್ಕೊಂದು ಸಾರು, ಅಧ್ಯಾಯಕ್ಕೊಂದು ಪಲ್ಯ. ಬರೆದವಳಿಗೆ ಅಡುಗೆ ಬರುತ್ತಿರಲಿಲ್ಲ ಎಂಬುದು ಓದುಗರಿಗೆ ಗೊತ್ತಿರಲಿಲ್ಲ, ನನ್ನ ಗಂಡನಿಗೆ ಗೊತ್ತಿತ್ತು. ಪುಸ್ತಕ ಬಿಡುಗಡೆಯ ದಿನ ಅವರು ನಾಲ್ಕು ಜನರ ಎದುರು, "ಇದು ಕಾದಂಬರಿ, ಅಂದರೆ ಪೂರ್ತಿ ಕಲ್ಪನೆ. ಅದಕ್ಕೆ ನಾನೇ ಸಾಕ್ಷಿ" ಎಂದಿದ್ದರು.

ಕನ್ನಡದಲ್ಲಿ ಅಚ್ಚಾದ ಪ್ರತಿಗಳ ಬಹುಭಾಗ ನಮ್ಮ ಮಂಚದ ಅಡಿಯಲ್ಲೇ ಸುಖವಾಗಿ ಮಲಗಿತ್ತು. ಅದನ್ನು ಎಬ್ಬಿಸಿದವಳು ಕಾರ್ಕಳದಲ್ಲಿ ಇಂಗ್ಲಿಷ್ ಪಾಠ ಮಾಡುವ ಗೆಳತಿ ವಿನುತಾ. ಶನಿವಾರ ಶನಿವಾರ ಬಸ್ಸು ಹತ್ತಿ ಬಂದು, "ಗಸಿ ಅನ್ನುವುದಕ್ಕೆ ಇಂಗ್ಲಿಷಲ್ಲಿ ಎಂತ ಹೇಳುದು ಮಾರಾಯ್ತಿ?" ಎಂದು ತಲೆ ಕೆರೆದುಕೊಳ್ಳುತ್ತ, ವರ್ಷವಿಡೀ ಕೂತು ಅನುವಾದ ಮುಗಿಸಿದಳು. ಇಂಗ್ಲೆಂಡಿನ ಒಂದು ಸಣ್ಣ ಪ್ರಕಾಶನದವರು ಒಪ್ಪಿಕೊಂಡರು. ನಾವಿಬ್ಬರೂ ಗೋಳಿಬಜೆ ತಿಂದು ಅದನ್ನು ಮರೆತುಬಿಟ್ಟೆವು.

ಪುಸ್ತಕ ಹೊರಬಂದ ಆರು ತಿಂಗಳ ಮೇಲೆ ಒಂದು ಬೆಳಿಗ್ಗೆ ಆಫೀಸಿನಲ್ಲಿದ್ದಾಗ ಈಮೇಲ್ ಬಂತು. ಮೊದಲ ಮುದ್ರಣ ಮುಗಿಯಿತು, ಎರಡನೆಯದು ಅಚ್ಚಿಗೆ ಹೋಗಿದೆ, ಇಟಲಿಯವರೂ ಜರ್ಮನಿಯವರೂ ತಮ್ಮ ಭಾಷೆಗೆ ಕೇಳುತ್ತಿದ್ದಾರೆ! ನಾನು ಎದ್ದು ಕೈತೊಳೆಯುವ ಕೋಣೆಗೆ ಹೋಗಿ ಕನ್ನಡಿಯ ಮುಂದೆ ಹಲ್ಲು ಕಿರಿದು ಬಂದೆ. ವಾಪಸು ಬಂದು 'ಸ್ವೀಕರಿಸಲಾಗಿದೆ' ಎಂದು ಒತ್ತಬೇಕಾದಲ್ಲೆಲ್ಲ 'ತಿರಸ್ಕರಿಸಲಾಗಿದೆ' ಮೊಹರು ಒತ್ತಿದೆ. ಸಂಜೆ ಉಡುಪಿಗೆ ಇಳಿಯುವ ಬಸ್ಸಿನಲ್ಲಿ ತಡೆಯಲಾರದೆ ಪರಿಚಯದ ಕಂಡಕ್ಟರನಿಗೆ, "ನನ್ನ ಪುಸ್ತಕ ಇಟಲಿಗೆ ಹೋಗ್ತದೆ" ಎಂದೆ. "ಕೊರಿಯರಾ, ಪೋಸ್ಟಾ ಮೇಡಂ?" ಎಂದು ಅವನು ಕೇಳಿದ.

ಆಮೇಲಿನ ದಿನಗಳಲ್ಲಿ ನಾನು ವಿನಯವನ್ನು ಅಭ್ಯಾಸ ಮಾಡಿದೆ. "ಅಯ್ಯೋ, ನನ್ನದೇನುಂಟು, ಎಲ್ಲ ಓದುಗರ ಪ್ರೀತಿ" ಎಂಬ ವಾಕ್ಯವನ್ನು ತಲೆಯನ್ನು ಎಷ್ಟು ಬಗ್ಗಿಸಿ ಹೇಳಿದರೆ ಚೆನ್ನ ಎಂದು ಕಪಾಟಿನ ಕನ್ನಡಿಯಲ್ಲಿ ನೋಡಿಕೊಂಡೆ. ಇಂಗ್ಲಿಷ್ ಪುಸ್ತಕದ ರಕ್ಷಾಪುಟದಲ್ಲಿ ಗುಲಾಬಿ ಬಣ್ಣದ ದಪ್ಪ ಮೀನೊಂದಿತ್ತು. ಉದ್ಯಾವರದಿಂದ ಮೀನು ತರುವ ಹೆಂಗಸು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ನಮ್ಮ ಸಮುದ್ರದ್ದಲ್ಲ ಅಕ್ಕ, ನಿಮಗೆ ಯಾರೋ ಮೋಸ ಮಾಡಿದ್ದಾರೆ" ಎಂದಳು.

ಆದರೆ ಆ ದೂರದ ಓದುಗರು ಬರೇ ಓದಿ ಸುಮ್ಮನಿರುವ ಜಾತಿಯವರಲ್ಲ. ಪುಸ್ತಕ ಮುಗಿಸಿದವರೇ ಗುಂಪು ಸೇರಿ ಪುಳಿಮುಂಚಿ ಮಾಡಿ, ಫೋಟೋ ತೆಗೆದು ಕಳಿಸತೊಡಗಿದರು. ಎಲ್ಲರಿಗೂ ಇಷ್ಟವಾದದ್ದು ಒಂದೇ ಪುಟ: ಮನೆಯಲ್ಲಿ ಸಾವಾದ ಮೇಲೆ ಸಂಕಮ್ಮ ಮೊದಲ ಸಲ ಒಲೆ ಹಚ್ಚುತ್ತಾಳೆ, ಕುದಿಯುವ ಪುಳಿಮುಂಚಿಗೆ ಯಾರಿಗೂ ಕಾಣದ ಹಾಗೆ ಒಂದು ತುಂಡು ಬೆಲ್ಲ ಹಾಕುತ್ತಾಳೆ. ಅಲ್ಲಿ ತನಗೆ ಅಳು ಬಂತು ಎಂದು ಒಬ್ಬಾಕೆ ಬರೆದಿದ್ದರು. ನನಗೋ ಹೆಮ್ಮೆ. ಉಳಿದ ಅಡುಗೆಯೆಲ್ಲ ಕದ್ದದ್ದಾದರೂ ಬೆಲ್ಲ ಮಾತ್ರ ನನ್ನ ಸ್ವಂತ ಕಲ್ಪನೆ ಎಂದು ವಿನುತಾಳ ಹತ್ತಿರ ಎಷ್ಟೋ ಸಲ ಹೇಳಿಕೊಂಡಿದ್ದೆ.

ಕದ್ದದ್ದು ಯಾರಿಂದ ಎಂದರೆ ದೊಡ್ಡಮ್ಮನಿಂದ. ಅಪ್ಪನ ಅಣ್ಣನ ಹೆಂಡತಿ. ನನಗೆ ಐದು ವರ್ಷವಾಗಿದ್ದಾಗ ಅಮ್ಮ ತೀರಿಕೊಂಡರು. ಅಪ್ಪ ಮುಂಬಯಿಯಲ್ಲಿ ಕೆಲಸದಲ್ಲಿದ್ದರು. ಕಾಪುವಿನ ಮನೆಯಲ್ಲಿ ನನ್ನನ್ನು ಸಾಕಿದ್ದು ಇದೇ ದೊಡ್ಡಮ್ಮ. ಮೀನಿನ ಬುಟ್ಟಿ ಹೊತ್ತು ಮಾರಿ ಬಂದು, ಅದೇ ಕೈಯಲ್ಲಿ ನನ್ನ ತಲೆ ಬಾಚಿ ಶಾಲೆಗೆ ಕಳಿಸುತ್ತಿದ್ದರು. ಕಾದಂಬರಿಯಲ್ಲಿ ಹೆಸರು ಬದಲಾಯಿಸಿದ್ದೆ. ಅವರು ಓದುವವರಲ್ಲವಾದ್ದರಿಂದ ಧೈರ್ಯವಾಗಿದ್ದೆ.

ಒಂದು ಭಾನುವಾರ ಬೆಳಿಗ್ಗೆ ಏಳಕ್ಕೆ ದೊಡ್ಡಮ್ಮನ ಫೋನು. "ಈಗಲೇ ಬಾ. ಪುಸ್ತಕ ಹಿಡ್ಕೊಂಡು ಬಾ."

ದುಬೈಯಲ್ಲಿರುವ ನೆರೆಮನೆಯವರ ಮಗ ಒಂದು ವಿಡಿಯೋ ಕಳಿಸಿದ್ದನಂತೆ. ಅದರಲ್ಲಿ ಬಿಳಿ ಹೆಂಗಸೊಬ್ಬರು ನನ್ನ ಪುಸ್ತಕ ಎದುರಿಗಿಟ್ಟುಕೊಂಡು 'ಕಾಪು, ಕಾಪು' ಎನ್ನುತ್ತ ಮೀನಿನ ಪಾತ್ರೆಗೆ ಬೆಲ್ಲ ಹಾಕುವುದನ್ನು ದೊಡ್ಡಮ್ಮ ಕಣ್ಣಾರೆ ನೋಡಿದ್ದರು.

ನಾನು ಚಪ್ಪಲಿ ಬಿಡುವ ಮೊದಲೇ ವಿಚಾರಣೆ ಶುರುವಾಯಿತು. "ಓದು" ಎಂದರು. ಕನ್ನಡದ್ದನ್ನು ಬಾಯಲ್ಲೇ ತುಳುವಿಗೆ ತಿರುಗಿಸುತ್ತ ಓದಿದೆ. ತಾನು ಬೈದದ್ದು, ಚೌಕಾಶಿ ಮಾಡಿದ್ದು ಬಂದಾಗ, "ಹೌದು, ಹಾಗೆಯೇ ಹೇಳಿದ್ದು ನಾನು" ಎಂದು ತೃಪ್ತಿಯಿಂದ ತಲೆದೂಗಿದರು. ಬೆಲ್ಲದ ಪುಟ ಬಂತು. ತಲೆದೂಗುವುದು ನಿಂತಿತು.

"ನಲವತ್ತು ವರ್ಷ ಮೀನು ಮಾರಿದವಳು ನಾನು. ಪುಳಿಮುಂಚಿಗೆ ಬೆಲ್ಲ ಹಾಕ್ಲಿಕ್ಕೆ ಅದೇನು ಕುಂಬಳಕಾಯಿ ಹುಳಿಯಾ? ಇನ್ನು ನಾನು ಮಾರ್ಕೆಟಿಗೆ ಮುಖ ತೋರಿಸುದು ಹೇಗೆ? ಇಂಗ್ಲೆಂಡಿನವರಿಗೆ ಕಾಗದ ಬರಿ, ತಪ್ಪಾಗಿದೆ, ತೆಗೀರಿ ಅಂತ."

"ದೊಡ್ಡಮ್ಮಾ, ಎಲ್ಲರೂ ಮೆಚ್ಚಿದ ಪುಟವೇ ಅದು. ತೆಗೀಲಿಕ್ಕಾಗುದಿಲ್ಲ."

"ಹಾಗಾದರೆ ನೀನು ಇಲ್ಲಿ ಊಟಕ್ಕೆ ಕೂರ್ಲಿಕ್ಕೂ ಆಗುದಿಲ್ಲ."

ನಗಬೇಡಿ. ಅವರು ಹೇಳಿದ್ದನ್ನು ಮಾಡುವವರು. ಹೊರಗೆ ಇಟಲಿ, ಜರ್ಮನಿ ಎಂದು ಬೀಗುತ್ತಿದ್ದವಳು, ಊಟದ ಆ ಮಣೆ ತಪ್ಪಿಹೋಗುತ್ತದೆ ಎನ್ನುವಾಗ ಪುಸ್ತಕ ಮಡಚಿ ಕೆಳಗಿಟ್ಟೆ. "ಅದು ನೀವಲ್ಲ ದೊಡ್ಡಮ್ಮ. ಬೆಲ್ಲ ನಾನು ಕಲ್ಪನೆ ಮಾಡಿದ್ದು. ಸುಳ್ಳು" ಎಂದೆ.

ದೊಡ್ಡಮ್ಮ ನನ್ನ ಮುಖವನ್ನೇ ನೋಡಿದರು.

"ಸುಳ್ಳಲ್ಲ ಮಗಾ. ಹಾಕಿದ್ದು ನಿನ್ನ ಅಮ್ಮ."

ಅಮ್ಮನ ತಂದೆ ಕಾರ್ಕಳದ ಪೇಟೆಯಲ್ಲಿ ಅಂಗಡಿ ಇಟ್ಟು ಅಲ್ಲೇ ನೆಲೆಸಿದವರು. ಮದುವೆಯಾಗಿ ಬಂದಾಗ ಅಮ್ಮನಿಗೆ ಮೀನು ಕೊಯ್ಯಲಿಕ್ಕೂ ಬರುತ್ತಿರಲಿಲ್ಲವಂತೆ. ದೊಡ್ಡಮ್ಮನ ಅಡುಗೆಯ ಖಾರಕ್ಕೆ ನಾನು ಊಟ ಬಿಟ್ಟು ಅಳುತ್ತಿದ್ದೆನಂತೆ. ಅಪ್ಪನ ಅಮ್ಮ ತೀರಿಕೊಂಡು ಮನೆಯಲ್ಲಿ ಮತ್ತೆ ಮೀನು ಬೇಯಿಸಿದ ದಿನ, ದೊಡ್ಡಮ್ಮ ನೀರು ಸೇದಲು ಬಾವಿಗೆ ಹೋದ ಹೊತ್ತಿನಲ್ಲಿ ಅಮ್ಮ ಪಾತ್ರೆಗೆ ಒಂದು ತುಂಡು ಬೆಲ್ಲ ಹಾಕಿದರು. "ನೀನು ಒಲೆಯ ಹತ್ತಿರವೇ ಕೂತು ನೋಡ್ತಾ ಇದ್ದೆ. ಅವತ್ತು ನೀನು ಎರಡು ಸಲ ಅನ್ನ ಹಾಕಿಸಿಕೊಂಡು ಉಂಡೆ. ನಾನು ಮಾತ್ರ ಬಾಯಿಗಿಟ್ಟ ಕೂಡಲೇ ಬೆಲ್ಲ ಗೊತ್ತಾಗಿ, ಅವಳ ಹತ್ತಿರ ಒಂದು ತಿಂಗಳು ಮಾತಾಡಲಿಲ್ಲ." ಸೆರಗಿನಿಂದ ಮೂಗು ಒರೆಸಿಕೊಂಡು, "ಬೆಲ್ಲಕ್ಕೋಸ್ಕರ ಮಾರಾಯ್ತಿ, ಒಂದು ತಿಂಗಳು! ಅವಳಿಗೆ ಅಷ್ಟು ಕಡಿಮೆ ದಿನ ಉಂಟು ಅಂತ ಯಾರಿಗೆ ಗೊತ್ತಿತ್ತು?" ಎಂದರು.

ಅಮ್ಮನದೆಂದು ನನ್ನ ಹತ್ತಿರ ಇದ್ದದ್ದು ಒಂದು ಮಾಸಿದ ಫೋಟೋ ಮಾತ್ರ. ಧ್ವನಿ ನೆನಪಿಲ್ಲ, ನಡಿಗೆ ನೆನಪಿಲ್ಲ. ನನ್ನ ಪ್ರತಿಭೆಯ ಏಕೈಕ ಪುರಾವೆ ಎಂದುಕೊಂಡಿದ್ದ ಆ ಪುಟವೂ ನನ್ನದಲ್ಲ ಎಂದು ತಿಳಿದಾಗ ಯಾವ ಸಾಹಿತಿಗೂ ಆಗಬಾರದಷ್ಟು ಸಂತೋಷವಾಯಿತು.

ದೊಡ್ಡಮ್ಮನ ತೀರ್ಪು ಬದಲಾಯಿತು: ಬೆಲ್ಲ ಇರಲಿ, ಹಾಕಿದವಳ ಹೆಸರು ಸರಿಮಾಡು. ನಾನು ಕಾಗದ ಬರೆದೆ. ವಿನುತಾ ಆ ಪುಟವನ್ನು ಹೊಸದಾಗಿ ಅನುವಾದಿಸಿದಳು. ಪ್ರಕಾಶನದವರು ಒಪ್ಪಿ, ಮುಂದಿನ ಮುದ್ರಣದಿಂದ ಬೆಲ್ಲ ಹಾಕುವ ಕೆಲಸವನ್ನು ಸಂಕಮ್ಮನಿಂದ ಕಿತ್ತು ಅವಳ ಓರಗಿತ್ತಿ ಸುನಂದಾಳಿಗೆ ಕೊಟ್ಟರು. ಅದು ಅಮ್ಮನ ಹೆಸರು.

ಇವತ್ತು ರಜೆ. ಕಳೆದ ವಾರ ಬಂದ ಇಟಲಿಯ ಪ್ರತಿ ಹಿಡಿದು ಕಾಪುವಿಗೆ ಬಂದಿದ್ದೇನೆ. ಆ ಭಾಷೆ ನನಗೂ ಬಾರದು, ಹೆಸರನ್ನಷ್ಟೇ ಹುಡುಕಿ ಬೆರಳಿಟ್ಟು ತೋರಿಸಿದೆ. ದೊಡ್ಡಮ್ಮ ಕನ್ನಡಕ ಏರಿಸಿ, ಪುಸ್ತಕವನ್ನು ಬೆಳಕಿಗೆ ಹಿಡಿದರು.

"ಇದಾ ಅವಳು? ಉಡುಪಿಗೆ ಒಬ್ಬಳೇ ಬಸ್ಸಲ್ಲಿ ಹೋಗ್ಲಿಕ್ಕೆ ಹೆದರ್ತಿದ್ದವಳು." ಆ ಹೆಸರಿನ ಮೇಲೆ ತಾವೂ ಬೆರಳಿಟ್ಟು ಕೇಳಿದರು, "ಅಷ್ಟು ದೂರ ಒಬ್ಬಳೇ ಹೋದಳಾ?"

"ಇಲ್ಲ ದೊಡ್ಡಮ್ಮ. ಇಲ್ಲಿ ನೋಡಿ, ಅದೇ ಸಾಲಲ್ಲಿ ಸಂಕಮ್ಮ ಉಂಟು. ನೀವು ಪಕ್ಕದಲ್ಲೇ ಇದ್ದೀರಿ."

"ಹಾಗಾದರೆ ತೊಂದರೆ ಇಲ್ಲ" ಎಂದು ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟು, ಮೀನು ಕೊಯ್ಯಲು ಎದ್ದರು.